ಬೇರಿಂಗಿನ ಕಣ್ಣು

ನಮ್ಮ ಅಪ್ಪಯ್ಯ ಸಾಗರದಲ್ಲಿ 36 ವರ್ಷ ಪೋಸ್ಟ್‌ಮನ್ ಆಗಿದ್ದರು. ಅಷ್ಟು ವರ್ಷ ಸೈಕಲ್ ತುಳಿದು ನಾಯಿಗಳ ವಿಷಯದಲ್ಲಿ ಅವರು ಕಲಿತದ್ದು ಒಂದೇ ಪಾಠ. ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ನೋಡಿದರೆ ಜಗಳಕ್ಕೆ ಕರೆದ ಹಾಗೆ. ಗೇಟಿನ ಹತ್ತಿರ ಇಳಿಯಬೇಕು, ಸೈಕಲ್ಲನ್ನು ನಾಯಿಗೂ ನಮಗೂ ನಡುವೆ ಬೇಲಿಯಂತೆ ಹಿಡಿಯಬೇಕು, ನೆಲದ ಮೇಲೆ ಏನೋ ಬಿದ್ದದ್ದನ್ನು ಹುಡುಕುವವನ ಹಾಗೆ ತಲೆ ತಗ್ಗಿಸಿ ಹೋಗಿ ಬರಬೇಕು. ಈ ಪಾಠ ಮರೆತ ಎರಡು ದಿನ ಎರಡು ಕಡಿತ ಆದವು. ಮೊದಲನೆಯದಕ್ಕೆ ಹೊಕ್ಕುಳ ಸುತ್ತ 14 ಇಂಜೆಕ್ಷನ್. ಹುಚ್ಚುನಾಯಿ ಕಡಿತಕ್ಕೆ ಆಗ ಇದ್ದ ಔಷಧವೇ ಹಾಗೆ. ಜನ ಕಚ್ಚಿದ ನಾಯಿಯನ್ನು ಮರೆಯುತ್ತಿದ್ದರು, ಚುಚ್ಚಿದ ಕಾಂಪೌಂಡರನ್ನು ಮರೆಯುತ್ತಿರಲಿಲ್ಲ. ಎರಡನೆಯ ಕಡಿತದ ಹೊತ್ತಿಗೆ ತೋಳಿಗೆ ಹಾಕುವ ಹೊಸ ಲಸಿಕೆ ಬಂದಿತ್ತು. ಐದರಲ್ಲೇ ಮುಗಿದದ್ದಕ್ಕೆ ಅಪ್ಪಯ್ಯನಿಗೆ ಏನೋ ಮೋಸವಾದಂತೆ ಅನಿಸಿತ್ತು.

2005ರಲ್ಲಿ ಅಂಚೆ ಇಲಾಖೆ ನಾಯಿಗಳ ಮೇಲೆ ನಾಲ್ಕು ಸ್ಟಾಂಪು ಹೊರಡಿಸಿತು. ಹಿಮಾಲಯದ ಕುರಿನಾಯಿ, ರಾಂಪುರದ್ದು, ರಾಜಪಾಳ್ಯದ್ದು, ಜೊತೆಗೆ ನಮ್ಮ ಮುಧೋಳದ್ದು. ಅಪ್ಪಯ್ಯ ಮುಧೋಳದ ನಾಯಿಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಒಂದೂವರೆ ನೂರು ವರ್ಷ ಇವು ನಮ್ಮ ಕಾಲು ಕಚ್ಚಿದವು. ಈಗ ನಾವು ಇವುಗಳ ಬೆನ್ನು ನೆಕ್ಕಬೇಕು" ಅಂದರು. ನನಗೆ ನೆನಪಿರುವಂತೆ ಅವರು ಒಂದು ನಾಯಿಯ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅದು ಕಾಗದದ ನಾಯಿ.

ಮನುಷ್ಯರ ಮುಖವನ್ನೂ ಅವರು ಅಷ್ಟಾಗಿ ನೋಡುತ್ತಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮಾತಾಡುವುದಿದ್ದರೆ ಪೇಪರಿಗೋ, ಗೋಡೆಯ ಕ್ಯಾಲೆಂಡರಿಗೋ, ಊಟದ ತಟ್ಟೆಗೋ ಹೇಳುತ್ತಿದ್ದರು. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಅವರು ಮೆಚ್ಚಿಕೊಂಡದ್ದು ಒಂದು ಹಲಸಿನ ಹಣ್ಣಿನ ಎದುರು. ಇದಕ್ಕೆ ಕಾರಣ ನಾಯಿಗಳಷ್ಟೇ ಅಲ್ಲ, ತಂತಿ ಎಂದು ಅಮ್ಮ ಹೇಳುತ್ತಿದ್ದಳು. ಆಗೆಲ್ಲ ತಂತಿ ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಒಳಗೆ ಏನಿದೆ ಎಂಬುದು ಅಪ್ಪಯ್ಯನಿಗೆ ಗೊತ್ತು, ತೆಗೆದುಕೊಳ್ಳುವವರಿಗೆ ಇನ್ನೂ ಗೊತ್ತಿಲ್ಲ. ಆ ಅರ್ಧ ನಿಮಿಷ ಎಲ್ಲಿ ನೋಡುವುದು? ಅವರು ಪಾದ ನೋಡುವುದು ರೂಢಿ ಮಾಡಿಕೊಂಡರು. ಊರಿನ ಅರ್ಧ ಜನರನ್ನು ಅವರು ಪಾದದಿಂದಲೇ ಗುರುತಿಸಬಲ್ಲವರಾಗಿದ್ದರು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತ ಸುದ್ದಿ ಬಂದಾಗ ಎಲ್ಲರೂ ಅಯ್ಯೋ ಎಂದರು. ಅಪ್ಪಯ್ಯ ಮಾತ್ರ "ಒಳ್ಳೇದಾಯ್ತು" ಎಂದು ಪೇಪರ್ ಮಡಚಿಟ್ಟರು.

ಇಂಥವರ ಜಗಲಿಗೆ, ಅವರು ನಿವೃತ್ತರಾಗಿ ಎರಡು ವರ್ಷವಾದ ಮೇಲೆ, 2010ರ ಮಳೆಗಾಲದ ಒಂದು ಬೆಳಿಗ್ಗೆ ಯಾರೋ ಒಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಇಟ್ಟು ಹೋಗಿದ್ದರು. ಪೆಟ್ಟಿಗೆ ಅರ್ಧ ನೆಂದಿತ್ತು. ಒಳಗೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ಕಂದು ಬಣ್ಣದ ಒಂದು ನಡುಕ. ಅಪ್ಪಯ್ಯ ಅಭ್ಯಾಸಬಲದಿಂದ ಪೆಟ್ಟಿಗೆಯ ನಾಲ್ಕೂ ಮಗ್ಗಲು ತಿರುಗಿಸಿ ನೋಡಿದರು.

"ಕಳಿಸಿದವರ ವಿಳಾಸ ಇಲ್ಲ. ಸ್ಟಾಂಪೂ ಇಲ್ಲ. ಬೇರಿಂಗು" ಎಂದರು.

ಈಗಿನವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಸ್ಟಾಂಪು ಹಚ್ಚದೆ ಡಬ್ಬಿಗೆ ಹಾಕಿದ ಕಾಗದಕ್ಕೆ ಬೇರಿಂಗ್ ಎನ್ನುತ್ತಾರೆ. ಅದನ್ನು ಪಡೆಯುವವನು ಕಡಿಮೆ ಬಿದ್ದ ಹಣದ ಎರಡರಷ್ಟು ತೆತ್ತು ಬಿಡಿಸಿಕೊಳ್ಳಬೇಕು. ಬೇಡವೆಂದರೆ ಕಾಗದ ಕಳಿಸಿದವರಿಗೇ ವಾಪಸ್ಸು. ಇಲ್ಲಿ ವಾಪಸ್ಸು ಮಾಡಲು ವಿಳಾಸವೇ ಇರಲಿಲ್ಲವಲ್ಲ. ಹಾಗಾಗಿ ಅದು ನಮ್ಮಲ್ಲೇ ಉಳಿಯಿತು, ಹೆಸರೂ ಉಳಿಯಿತು.

ಬೇರಿಂಗಿನ ಎಡಗಣ್ಣು ತೆರೆದಿತ್ತು. ಬಲಗಣ್ಣು ಹಳದಿ ಪಿಸುರಿನಿಂದ ಅಂಟಿಕೊಂಡು ಮುಚ್ಚಿತ್ತು. ತೆರೆದ ಕಣ್ಣಾದರೂ ಕಪ್ಪಗಿರಲಿಲ್ಲ. ಮೋಡದ ನೀಲಿ. ಅಮ್ಮ ನೋಡಿದವಳೇ "ಅಯ್ಯೋ, ಪೊರೆ ಬಂದಿದೆ" ಎಂದು ತೀರ್ಪು ಕೊಟ್ಟಳು. ಕಣ್ಣಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಮ್ಮನದೇ ಕೊನೆಯ ಮಾತು. ಹಿಂದೆ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದವಳು ಅವಳು. ಸಾಲಾಗಿ ಮಲಗಿದ ನೂರಾರು ಮುದುಕ ಮುದುಕಿಯರನ್ನು, ಕಟ್ಟಿದ ಪಟ್ಟಿಗಳನ್ನು, ಪಟ್ಟಿ ಬಿಚ್ಚಿದ ದಿನ ಅಜ್ಜಿ ತನ್ನನ್ನು ನೋಡಿ "ಇಷ್ಟು ಬಡಕಲಾಗಿದ್ದೀಯೇನೇ?" ಎಂದು ಅತ್ತದ್ದನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಆಪರೇಷನ್ ಮಾಡಿದ್ದು ಅವಳೇ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ.

ಕಣ್ಣಿಗೆ ಮದ್ದು ಹೇಳದ ಮನುಷ್ಯ ನಮ್ಮ ಕಡೆ ಹುಟ್ಟಿಲ್ಲ. ಹಾಲು ತರುವವನು ಹರಳೆಣ್ಣೆ ಎಂದ. ಎದುರು ಮನೆಯ ಅಜ್ಜಿ ನಂದಿಬಟ್ಟಲ ಹೂವನ್ನು ರಾತ್ರಿಯಿಡೀ ನೀರಲ್ಲಿ ಹಾಕಿಟ್ಟು ಕಣ್ಣಿಗೆ ಒತ್ತಿ ಎಂದರು. ಹೂವಿನ ಕೊಯ್ಲಿಗೂ ಅವರದೇ ಗಿಡ ಎಂದು ಔದಾರ್ಯ ತೋರಿದರು. ಜೇನುತುಪ್ಪ ಎಂದವರಿದ್ದರು, ಅರಿಸಿನದ ನೀರು ಎಂದವರಿದ್ದರು. ಒಬ್ಬರಂತೂ ತಾಯಿಯ ಎದೆಹಾಲಿಗಿಂತ ಒಳ್ಳೆಯ ಮದ್ದಿಲ್ಲ, ಮೂರನೇ ಮನೆಯಲ್ಲಿ ಬಾಣಂತಿ ಇದ್ದಾಳಲ್ಲ, ಒಂದು ಒಳಲೆ ಕೇಳಿ ತನ್ನಿ ಎಂದರು. ನಾಯಿಮರಿಗೆಂದು ಹೋಗಿ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. 36 ವರ್ಷ ಎಲ್ಲರ ಮನೆಯ ಬಾಗಿಲು ತಟ್ಟಿದ ಅಪ್ಪಯ್ಯ ಆ ಒಂದು ಬಾಗಿಲು ತಟ್ಟಲಾರೆ ಎಂದರು. ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಹೊರಟರು.

ದನದ ಡಾಕ್ಟ್ರು ಅಮ್ಮನ ತೀರ್ಪನ್ನು ಎರಡು ಮಾತಿನಲ್ಲಿ ವಜಾ ಮಾಡಿದರು. ನಾಯಿಮರಿ ಹುಟ್ಟುವಾಗ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ, 10ರಿಂದ 14 ದಿನಕ್ಕೆ ತೆರೆಯುತ್ತದೆ. ತೆರೆದ ಹೊಸತರಲ್ಲಿ ಎಲ್ಲ ಮರಿಗಳ ಕಣ್ಣೂ ಹೀಗೇ ಮಬ್ಬು ನೀಲಿ, ವಾರಗಳು ಕಳೆದಂತೆ ಬಣ್ಣ ತಾನೇ ತಿರುಗುತ್ತದೆ. ಅದು ಪೊರೆಯಲ್ಲ. ಅಂಟಿದ ಕಣ್ಣಿನದು ಮಾತ್ರ ಸೋಂಕು. ಕೆಲವು ಮರಿಗಳಿಗೆ ಕಣ್ಣು ತೆರೆಯುವ ಮೊದಲೇ ರೆಪ್ಪೆಯ ಒಳಗೆ ಕೀವು ತುಂಬಿ ಉಬ್ಬಿಕೊಳ್ಳುವುದುಂಟು, ಹಾಗಿದ್ದರೆ ಒಂದು ದಿನವೂ ಕಾಯಬಾರದು ಎಂದರು. ಆಮೇಲೆ ಕಾಯಿಸಿ ಉಗುರುಬೆಚ್ಚಗಾದ ನೀರಲ್ಲಿ ಹತ್ತಿ ಅದ್ದಿ, ಅಂಟನ್ನು ಕೀಳದೆ, ಅದು ತಾನಾಗಿ ನೆನೆದು ಬಿಡುವ ತನಕ ಒತ್ತಿ ಹಿಡಿದರು. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸುವುದು, ಹತ್ತಿ ಬಿಸಾಡುವುದು, ಇನ್ನೊಂದು ಕಣ್ಣಿಗೆ ಇನ್ನೊಂದು ಹತ್ತಿ. ಮೂರನೆಯ ಹತ್ತಿಗೆ ಬಲಗಣ್ಣು ತೆರೆಯಿತು. ಕೆಂಪು ಅಂಚಿನ ನಡುವೆ ಅದೇ ನೀಲಿ. ಅದು ಮೊದಲು ನೋಡಿದ್ದು ಅಪ್ಪಯ್ಯನನ್ನು. ಅಪ್ಪಯ್ಯ ತಕ್ಷಣ ನೆಲ ನೋಡಿದರು.

"ಹೀಗೆ ಬೇರೆ ಕಡೆ ನೋಡಿದರೆ ಹನಿ ಹಾಕುವುದು ಹ್ಯಾಗೆ ಯಜಮಾನ್ರೇ?" ಎಂದರು ಡಾಕ್ಟ್ರು. "ದಿನಾ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಬೇಕು. ನೀರಿನ ಹಾಗೆ ಸುರಿದರೆ ಒಂದು ಲೆಕ್ಕ, ಹಳದಿ ಹಸಿರು ಪಿಸುರು ಬಂದರೆ ಇನ್ನೊಂದು. ಕಣ್ಣಿನ ಜೊತೆ ಮೂಗೂ ಸುರಿದು, ಕೆಮ್ಮು ಜ್ವರ ಬಂದು ಊಟ ಬಿಟ್ಟರೆ ಅದು ಕಣ್ಣಿನ ಕಾಯಿಲೆ ಅಲ್ಲ, ಡಿಸ್ಟೆಂಪರ್ ಇರಬಹುದು, ಓಡಿ ಬರಬೇಕು. ಆರು ವಾರ ತುಂಬಿದ ಮೇಲೆ ಲಸಿಕೆಗೆ ತನ್ನಿ."

ಅಪ್ಪಯ್ಯ ಎಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ದಿನಕ್ಕೆ ಎಷ್ಟು ಬಟವಾಡೆ?"

ನಾಲ್ಕು ಬಟವಾಡೆ ಎಂದು ಗೊತ್ತಾಯಿತು. ಮರುದಿನದಿಂದ ನಮ್ಮ ಮನೆಯ ಪೂರ್ವದ ಕಿಟಕಿಯ ಹತ್ತಿರ ಒಂದು ಹೊಸ ದೃಶ್ಯ ಶುರುವಾಯಿತು. ಅಪ್ಪಯ್ಯ ಮಣೆ ಹಾಕಿಕೊಂಡು ಕೂರುತ್ತಿದ್ದರು. ಬೇರಿಂಗು ಅವರ ತೊಡೆಯ ಮೇಲೆ, ಬೆನ್ನು ಅವರ ಹೊಟ್ಟೆಗೆ ಒತ್ತಿಕೊಂಡು. ಎಡಗೈಯಲ್ಲಿ ಗಲ್ಲ ಎತ್ತಿ, ಬಲಗೈಯನ್ನು ಅದರ ನೆತ್ತಿಯ ಮೇಲೆ ಊರಿ, ಸೀಸೆ ಎದುರಿನಿಂದ ಬಾರದಂತೆ ಹಿಂದಿನಿಂದ ಮೆಲ್ಲಗೆ ತಂದು, ತುದಿ ಕಣ್ಣಿಗೆ ತಾಗದ ಹಾಗೆ ಒಂದು ಹನಿ. ಆಮೇಲೆ ಒಂದು ಚೂರು ಕೋಡುಬಳೆ. ಆ ಎಳೆ ವಯಸ್ಸಿಗೆ ಕೋಡುಬಳೆ ಕೊಡಬಾರದೆಂದು ಡಾಕ್ಟ್ರು ಬೈದ ಮೇಲೆ, ನೆಕ್ಕಲು ಒಂದು ಬೆರಳು ಗಂಜಿ. ಹನಿ ಹಾಕುವುದು ಅರ್ಧ ನಿಮಿಷದ ಕೆಲಸ. ಆದರೆ ಅವರು ಕಾಲು ಗಂಟೆ ಅಲ್ಲೇ ಇರುತ್ತಿದ್ದರು. ಬೆಳಕಿಗೆ ಮರಿಯ ಮುಖ ತಿರುಗಿಸಿ, ಹುಬ್ಬು ಗಂಟಿಕ್ಕಿ, ವಿಳಾಸ ಅಳಿಸಿಹೋದ ಲಕೋಟೆಯನ್ನು ಓದುವವರ ಹಾಗೆ ನೋಡುತ್ತಿದ್ದರು. ಅದೂ ನೋಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ಇದನ್ನು ನೋಡುತ್ತಿದ್ದಳು. "ಮದುವೆಯಾಗಿ 35 ವರ್ಷ ಆಯ್ತು" ಎಂದು ಒಂದು ದಿನ ಅಂದಳು. ಮುಂದೆ ಏನೂ ಹೇಳಲಿಲ್ಲ.

ನೀಲಿ ಹೋಗಿ ಕಂದು ಬಂತು. ಆ ಹೊತ್ತಿಗೆ ಅಪ್ಪಯ್ಯ ಪೇಟೆಯಿಂದ ಒಂದು ರಬ್ಬರ್ ಚೆಂಡು ತಂದರು. ಅಂಚೆ ಡಬ್ಬಿಯಷ್ಟು ಕೆಂಪಗಿತ್ತು. ಹಿತ್ತಿಲ ಹುಲ್ಲಿಗೆ ಎಸೆದರೆ ಬೇರಿಂಗು ಅದರ ಪಕ್ಕದಲ್ಲೇ ಓಡಿಹೋಗಿ ಅಡಿಕೆ ಹಾಳೆ ಕಚ್ಚಿಕೊಂಡು ಬರುತ್ತಿತ್ತು. ಕಣ್ಣು ಹೋಯಿತೆಂದು ಮನೆಯೆಲ್ಲ ಗಾಬರಿಯಾಗಿ ಮತ್ತೆ ದನದ ಡಾಕ್ಟ್ರ ಹತ್ತಿರ ಹೋದದ್ದಾಯಿತು. ಅವರು ಚೆಂಡು ನೋಡಿ ನಕ್ಕರು. ನಾಯಿಗೆ ಕಾಣುವ ಬಣ್ಣ ಮುಖ್ಯವಾಗಿ ಎರಡೇ, ನೀಲಿ ಮತ್ತು ಹಳದಿ. ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡು ಅದರ ಪಾಲಿಗೆ ಮಣ್ಣಲ್ಲಿ ಮಣ್ಣು. ಅಪ್ಪಯ್ಯನಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾಯಿತು. "ಅಂದರೆ ನಮ್ಮ ಪೋಸ್ಟ್ ಡಬ್ಬಿ ಇದಕ್ಕೆ ಕೆಂಪಗೆ ಕಾಣೋದೇ ಇಲ್ವಾ?" ಎಂದು ದಾರಿಯುದ್ದಕ್ಕೂ ಗೊಣಗಿದರು. ಮರುದಿನ ನೀಲಿ ಚೆಂಡು ಬಂತು. ಕೆಂಪು ಚೆಂಡನ್ನು ಅಟ್ಟದ ಮೇಲಿಟ್ಟರು, ಎಸೆಯಲಿಲ್ಲ. ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವ ಪದ್ಧತಿ ಇರಲಿಲ್ಲ. ಮುಂದಿನ ಅನಾಹುತಕ್ಕೆ ಮೂಲ ಅದೇ.

ಬೇರಿಂಗಿಗೆ ಮೂರು ತಿಂಗಳಾಗಿದ್ದಾಗ ಪಕ್ಕದ ಮನೆಯ ಬೆಕ್ಕಿನ ಜೊತೆ ಸ್ನೇಹ ಮಾಡಲು ಹೋಗಿ ಪರಚಿಸಿಕೊಂಡು ಬಂತು. ಬಲಗಣ್ಣೇ. ಕಣ್ಣು ಕಿರಿದು ಮಾಡಿ ನೀರು ಸುರಿಸುತ್ತ, ಮುಂಗಾಲಲ್ಲಿ ಉಜ್ಜುತ್ತ, ಬೆಳಕಿಗೆ ಬಾರದೆ ಮಂಚದ ಕೆಳಗೆ ಸೇರಿಕೊಂಡಿತು. ಅಪ್ಪಯ್ಯ ಯಾವುದೋ ಮದುವೆಗೆಂದು ಹೊಸನಗರಕ್ಕೆ ಹೋಗಿದ್ದರು. ಮನೆಯಲ್ಲಿ ಓದಿದವನು ನಾನು. ಫ್ರಿಜ್ಜಿನ ಬಾಗಿಲಲ್ಲಿ ಅಮ್ಮನ ಪೊರೆ ಆಪರೇಷನ್ ಆದಾಗ ತಂದಿದ್ದ ಹನಿಯ ಸೀಸೆ ಇತ್ತು. ಅರ್ಧ ಉಳಿದಿತ್ತು. ಮನುಷ್ಯರ ಕಣ್ಣಿಗೆ ಆಗುವುದು ನಾಯಿಗೆ ಆಗುವುದಿಲ್ಲವೇ ಎಂದುಕೊಂಡು ಎರಡು ಹನಿ ಹಾಕಿದೆ. ಸಂಜೆಗೆ ಕೆಂಪು ಇಳಿದಿತ್ತು. ನನ್ನ ವೈದ್ಯಕೀಯಕ್ಕೆ ನಾನೇ ತಲೆದೂಗಿ ಮರುದಿನವೂ ಹಾಕಿದೆ, ಅದರ ಮರುದಿನವೂ. ನಾಲ್ಕನೆಯ ದಿನ ಕಣ್ಣಿನ ನಡುವೆ ಮಂಜುಗಟ್ಟಿದ ಗಾಜಿನಂತೆ ಒಂದು ಬಿಳಿ ಕಲೆ.

ಅಪ್ಪಯ್ಯ ಅವತ್ತು ಬಂದರು. ಚೀಲ ಕೆಳಗಿಡುವ ಮೊದಲೇ ಮರಿಯನ್ನು ಕಿಟಕಿಗೆ ಒಯ್ದು ನೋಡಿದರು. ಸೀಸೆ ಕೈಗೆ ತೆಗೆದುಕೊಂಡು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕ್ಯಾಲೆಂಡರನ್ನಲ್ಲ, ಪೇಪರನ್ನಲ್ಲ. ನನ್ನ ಕಣ್ಣಲ್ಲಿ ಅವರು ಕಣ್ಣಿಟ್ಟು ನೋಡಿದ್ದು ನನ್ನ 29ನೆಯ ವಯಸ್ಸಿನಲ್ಲಿ, ಅವತ್ತೇ ಮೊದಲು. ಅವರ ಕಣ್ಣು ತಿಳಿಗಂದು ಎಂದು ನನಗೆ ಗೊತ್ತಾದದ್ದೂ ಅವತ್ತೇ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟೆವು, ಅಲ್ಲಿಯ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. 70 ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೇರಿಂಗನ್ನು ಅಪ್ಪಯ್ಯ ತಮ್ಮ ಹಳೆಯ ಖಾಕಿ ಚೀಲದಲ್ಲಿ ಇಟ್ಟುಕೊಂಡು, ಮೇಲೆ ಒಂದು ಪಂಚೆ ಹೊದಿಸಿದ್ದರು. ಆನಂದಪುರ ದಾಟುವ ಹೊತ್ತಿಗೆ ಚೀಲ ಅಲುಗಾಡಿತು.

"ಎಂತ ಅದು ಚೀಲದಲ್ಲಿ?" ಎಂದ ಕಂಡಕ್ಟರ್.

ಅಪ್ಪಯ್ಯ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. "ಬೇರಿಂಗು" ಎಂದರು.

"ಯಾವ ಗಾಡೀದು?"

"ಗಾಡೀದಲ್ಲ, ಮನೇದು."

ಮಿಕ್ಸಿಯದ್ದೋ ಪಂಪ್‌ಸೆಟ್ಟಿನದ್ದೋ ಇರಬೇಕೆಂದು ಅವನು ಮುಂದೆ ಹೋದ. ಅಂಥ ಸಂಕಟದಲ್ಲೂ ನನಗೆ ನಗು ಬಂತು. ಅಪ್ಪಯ್ಯನಿಗೆ ಬರಲಿಲ್ಲ.

ಅಲ್ಲಿಯ ಡಾಕ್ಟರಮ್ಮ ಒಂದು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯ ತುದಿಯನ್ನು ಕಣ್ಣಿಗೆ ತಾಗಿಸಿ, ತೊಳೆದು, ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಟ್ಟರು. ಕಣ್ಣಿನ ನಡುವೆ ಮಿಣುಕುಹುಳದಂತೆ ಹಸಿರಾಗಿ ಒಂದು ಚುಕ್ಕೆ ಹೊಳೆಯಿತು. ಅಷ್ಟು ಚೆಂದದ ಬಣ್ಣ ಅಷ್ಟು ಕೆಟ್ಟ ಸುದ್ದಿಗೆ ಯಾಕೆ ಬೇಕಿತ್ತೋ. ಬಣ್ಣ ಹಿಡಿದಲ್ಲಿ ಕಾರ್ನಿಯಾದ ಮೇಲ್ಪದರ ಕಿತ್ತುಹೋಗಿದೆ ಎಂದು ಅರ್ಥವಂತೆ. ಬೆಕ್ಕಿನ ಗೀರು ಒಂದು ವಾರದಲ್ಲಿ ಮಾಯುವಂಥದ್ದೇ ಇತ್ತು. ಆದರೆ ನಾನು ಹಾಕಿದ ಹನಿಯಲ್ಲಿ ಸ್ಟೆರಾಯ್ಡ್ ಇತ್ತು. ಅದು ಕೆಂಪನ್ನು ಇಳಿಸುತ್ತದೆ, ನೋಡುವವರಿಗೆ ಗುಣವಾದಂತೆ ತೋರಿಸುತ್ತದೆ, ಒಳಗೆ ಗಾಯ ಮಾಯಲು ಬಿಡದೆ ಹುಣ್ಣನ್ನು ಆಳಕ್ಕೆ ಇಳಿಸುತ್ತದೆ. "ಇನ್ನು ಎರಡು ದಿನ ತಡವಾಗಿದ್ದರೆ ತೂತೇ ಬೀಳ್ತಿತ್ತು. ಯಾರು ಹಾಕಿದ್ದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ "ಮನೆಯಲ್ಲಿ ಹಾಕಿದ್ವಿ" ಎಂದರು.

ಎರಡು ಬಗೆಯ ಹನಿ ಬರೆದುಕೊಟ್ಟರು. ಒಂದು ಎರಡು ಗಂಟೆಗೊಮ್ಮೆ. ಇನ್ನೊಂದು ಪಾಪೆ ಹಿಗ್ಗಿಸಿ ನೋವು ಕಡಿಮೆ ಮಾಡುವುದು. ಎರಡರ ನಡುವೆ ಐದು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಆ ಎರಡನೆಯ ಹನಿ ಕಣ್ಣಿನ ಮೂಲೆಯ ಕೊಳವೆಯಿಂದ ಇಳಿದು ಗಂಟಲು ಸೇರಿದಾಗ ಬಹಳ ಕಹಿಯಂತೆ. ಬೇರಿಂಗು ಬಾಯ್ತುಂಬ ನೊರೆ ತುಂಬಿಕೊಂಡು ಜಗತ್ತಿನ ಮೇಲೇ ಮುನಿಸಿಕೊಂಡು ಕೂರುತ್ತಿತ್ತು.

ಕಣ್ಣು ಉಜ್ಜದಂತೆ ಕುತ್ತಿಗೆಗೆ ಕಟ್ಟುವ ಪ್ಲಾಸ್ಟಿಕ್ಕಿನ ಕೋನ್ ಅಂಗಡಿಯಲ್ಲಿ ಸಿಕ್ಕಿದ್ದು ಆಲ್ಸೇಷಿಯನ್ನಿನ ಅಳತೆಯದು. ಬೇರಿಂಗು ಅದರೊಳಗೆ ಪೂರ್ತಿ ಇಳಿದುಹೋಯಿತು. ಅಪ್ಪಯ್ಯ ಮನೆಗೆ ಬಂದವರೇ ಕಪಾಟಿನಿಂದ ತಮ್ಮ ಎದೆಯ ಎಕ್ಸ್‌ರೇ ತೆಗೆದರು. ಹಿಂದಿನ ವರ್ಷ ಕೆಮ್ಮು ಬಿಡದಿದ್ದಾಗ ತೆಗೆಸಿದ್ದು. ಅದರ ಮೇಲೆ ಲೋಟ ಕವುಚಿ ಗೆರೆ ಎಳೆದು, ನಡುವೆ ದುಂಡಗೆ ತೂತು ಕತ್ತರಿಸಿ, ಒಂದು ಕಡೆ ಸೀಳಿ, ಬಳಸಿ ಪಿನ್ನು ಹೊಡೆದರು. ಅಂಚು ಚುಚ್ಚದ ಹಾಗೆ ಅಮ್ಮ ಹಳೆಯ ಸೀರೆಯ ಪಟ್ಟಿ ಹೊಲಿದಳು. ಮೂರು ವಾರ ಬೇರಿಂಗು ಅಪ್ಪಯ್ಯನ ಪಕ್ಕೆಲುಬುಗಳನ್ನು ಕೊರಳ ಸುತ್ತ ಹೂವಿನ ದಳದಂತೆ ಧರಿಸಿ ಮನೆಯೆಲ್ಲ ಓಡಾಡಿತು. ಸಂಜೆ ದೀಪಕ್ಕೆ ಎದುರಾಗಿ ನಿಂತರೆ ಗೋಡೆಯ ಮೇಲೆ ಒಬ್ಬ ಮನುಷ್ಯನ ಎದೆಗೂಡು, ಅದರೊಳಗಿಂದ ಎರಡು ಕಿವಿ.

ಆ ಮೂರು ವಾರ ಅಪ್ಪಯ್ಯ ಮತ್ತೆ ನೌಕರಿಗೆ ಸೇರಿದವರಂತೆ ಇದ್ದರು. ಒಂದು ಹಳೆಯ ರಿಜಿಸ್ಟರಿನಲ್ಲಿ ಗಂಟೆ, ಹನಿಯ ಹೆಸರು, ಷರಾ. "ರಾತ್ರಿ 2 ಗಂಟೆ. ಬಟವಾಡೆ ಆಯಿತು." "ಬೆಳಿಗ್ಗೆ 4. ಸ್ವೀಕರಿಸಲು ನಿರಾಕರಿಸಿದ್ದಾರೆ, ಮಂಚದ ಕೆಳಗೆ." ಹನಿಯನ್ನು ತಂಪಿನಲ್ಲಿ ಇಡಬೇಕಿತ್ತು. ಫ್ರಿಜ್ಜಿನ ಬಾಗಿಲು ಚಪ್ಪ್ ಎಂದದ್ದು ಕೇಳಿದರೆ ಸಾಕು, ಬೇರಿಂಗು ಎಕ್ಸ್‌ರೇ ಸಮೇತ ಮಂಚದ ಕೆಳಗೆ ನುಗ್ಗಲು ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಅಪ್ಪಯ್ಯ ಮೊಣಕಾಲೂರಿ, ನೆಲಕ್ಕೆ ಕೆನ್ನೆ ಹಚ್ಚಿ, ಕತ್ತಲಲ್ಲಿ ಹೊಳೆಯುವ ಆ ಕಣ್ಣುಗಳನ್ನು ನೋಡುತ್ತ "ಬಾರಾ, ಬಾರಾ" ಎಂದು ಕರೆಯುತ್ತಿದ್ದರು. ನಾಯಿಗಳಿಗೆ ಅವರು ಜೀವಮಾನವೆಲ್ಲ ಹೇಳಿದ್ದು "ಹೋಗಾ" ಎಂದು.

ಕೊನೆಗೊಂದು ದಿನ ಹಸಿರು ಹೊಳೆಯಲಿಲ್ಲ. ಸಾಸಿವೆಯಷ್ಟು ಬಿಳಿ ಕಲೆ ಉಳಿಯಿತು, ದೃಷ್ಟಿ ಉಳಿಯಿತು. ಅಂದಿನಿಂದ ಅಪ್ಪಯ್ಯ ಮನೆಗೆ ಬಂದ ಪ್ರತಿ ಹನಿಯ ಸೀಸೆಯ ಮೇಲೂ, ನಾಯಿಯದಿರಲಿ ಅಮ್ಮನದಿರಲಿ, ತೆರೆದ ತಾರೀಕು ಬರೆಯುತ್ತಿದ್ದರು. ತಿಂಗಳು ತುಂಬಿದ ದಿನ ತಾವೇ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. ಯಾವುದನ್ನೂ ಎಸೆಯದ ಮನೆಯಲ್ಲಿ ಅದೊಂದು ಹೊಸ ಕಾನೂನು.

ಇಷ್ಟೆಲ್ಲ ಆದ ಮೇಲೆ ಅವರು ಬೀದಿಯ ಕಣ್ಣಿನ ಡಾಕ್ಟರಾಗದೆ ಇರುತ್ತಾರೆಯೇ? ಯಾರ ಮನೆಯ ಮರಿ ಕಂಡರೂ ನಿಲ್ಲಿಸಿ, ಗಲ್ಲ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಹಿಂದಿನ ಬೀದಿಯವರು ಬೆಂಗಳೂರಿನಿಂದ ತಂದ ಬೀಗಲ್ ಮರಿಯ ಕಣ್ಣಿನ ಮೂಲೆಯಲ್ಲಿ ಒಂದು ದಿನ ಕೆಂಪು ಗುಳ್ಳೆ ಎದ್ದು ನಿಂತಿತು. ಯಾರೋ ಅದನ್ನು ದಾರ ಬಿಗಿದು ಕತ್ತರಿಸಿಬಿಡಿ ಎಂದಿದ್ದರು. ಅಪ್ಪಯ್ಯ ಗೇಟಿನಿಂದಲೇ ಕೂಗಿದರು: "ಮುಟ್ಟಬೇಡಿ!" ನಾಯಿಗಳಿಗೆ ಕಣ್ಣಿನ ಒಳಮೂಲೆಯಲ್ಲಿ ಮೂರನೆಯದೊಂದು ರೆಪ್ಪೆ ಇರುತ್ತದೆ, ಅದರ ಬುಡದ ಗ್ರಂಥಿ ಜಾರಿ ಹೊರಗೆ ಬಂದರೆ ಹೀಗೆ ಚೆರ್ರಿ ಹಣ್ಣಿನಂತೆ ಕಾಣುತ್ತದೆ ಎಂದು ಅವರು ಶಿವಮೊಗ್ಗದಲ್ಲಿ ಕೇಳಿಕೊಂಡು ಬಂದಿದ್ದರು. ಕಣ್ಣೀರಿನಲ್ಲಿ ಮೂರನೇ ಒಂದು ಪಾಲಿನಷ್ಟಾದರೂ ಬರುವುದು ಆ ಗ್ರಂಥಿಯಿಂದಲೇ. ಕತ್ತರಿಸಿದರೆ ಕಣ್ಣು ಮುಂದೆ ಒಣಗುತ್ತದೆ, ಆಪರೇಷನ್ ಮಾಡಿ ಒಳಗೆ ಕೂರಿಸಿ ಹೊಲಿಯಬೇಕು. ಮುಕ್ಕಣ್ಣನನ್ನು ಕೇಳಿದ್ದೆವು, ಮುರೆಪ್ಪೆಯನ್ನು ಕೇಳಿರಲಿಲ್ಲ ಎಂದು ಆ ಮನೆಯ ಯಜಮಾನರು ನಕ್ಕರು. "ಕಣ್ಣೀರು ಬೇಕು ಸಾರ್, ಇಲ್ಲದಿದ್ದರೆ ಕಣ್ಣು ಉಳಿಯಲ್ಲ" ಎಂದರು ಅಪ್ಪಯ್ಯ. ಅಷ್ಟು ವರ್ಷ ತಂತಿ ಹಂಚಿದವರ ಬಾಯಲ್ಲಿ ಆ ಮಾತು ಕೇಳಿ ನನಗೆ ಒಂಥರಾ ಆಯಿತು. ಅವರು ಹೇಳಿದ್ದು ಬೀಗಲ್ಲಿನ ಬಗ್ಗೆ ಮಾತ್ರ.

ಕಣ್ಣು ನೋಡುವ ಚಾಳಿ ಒಮ್ಮೆ ಹತ್ತಿದರೆ ನಾಯಿಯಲ್ಲಿ ನಿಲ್ಲುವುದಿಲ್ಲ. ತಿಂಡಿಯ ಹೊತ್ತಿಗೆ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿ "ರಾತ್ರಿ ನಿದ್ದೆ ಮಾಡಿಲ್ವಾ?" ಎನ್ನುತ್ತಿದ್ದರು. ಅಮ್ಮನಿಗೆ "ಈರುಳ್ಳಿ ಹೆಚ್ಚಿದೆಯೋ, ಅತ್ತೆಯೋ?" ಎಂದು ಕೇಳಿದರು. ಅವಳು ಈರುಳ್ಳಿ ಎಂದಳು, ಬುಟ್ಟಿಯಲ್ಲಿ ಈರುಳ್ಳಿ ಇರಲಿಲ್ಲ. 2019ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರೂ ಅಮೆರಿಕದ ತಜ್ಞರೂ ಸೇರಿ ಮಾಡಿದ ಒಂದು ಅಧ್ಯಯನದ ಸುದ್ದಿಯನ್ನು ನಾನು ಅವರಿಗೆ ಓದಿ ಹೇಳಿದೆ. ನಾಯಿಗೆ ಒಳಹುಬ್ಬನ್ನು ಮೇಲೆತ್ತಿ ಪಾಪದ ಮುಖ ಮಾಡಲು ಒಂದು ಪುಟ್ಟ ಸ್ನಾಯು ಇದೆ, ತೋಳಗಳಲ್ಲಿ ಅದು ಹೆಸರಿಗೆ ಒಂದೆರಡು ಎಳೆಯಷ್ಟೇ. ಮನುಷ್ಯರ ಜೊತೆ ಬಾಳಿ ಬಾಳಿ ಅವುಗಳಿಗೆ ಅದು ಬಂತು ಎಂದು ಅವರ ಊಹೆ. ಅಪ್ಪಯ್ಯ ಬೇರಿಂಗಿನ ಹುಬ್ಬನ್ನು ಬೆರಳಿಂದ ಸವರಿ, "ಪೋಸ್ಟ್‌ಮನ್‌ಗಳಿಗೆ ಅದನ್ನು ಕೊಡೋದು ದೇವರು ಮರೆತಿದ್ದ" ಎಂದರು.

ಅದೇ ವರ್ಷ ಬೇರಿಂಗಿನ ಕಣ್ಣು ಮತ್ತೆ ನೀಲಿಯಾಗುತ್ತಿರುವುದನ್ನು ಮೊದಲು ಕಂಡವರೂ ಅವರೇ. ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಹೀಗೆ ಮಬ್ಬು ನೀಲಿ ಕಾಣುತ್ತದೆ, ಇದೂ ಪೊರೆಯಲ್ಲ, ದೃಷ್ಟಿಗೆ ಅಷ್ಟೇನೂ ತೊಂದರೆಯಿಲ್ಲ ಎಂದರು ಡಾಕ್ಟ್ರು. "ಬಂದಾಗಲೂ ಇದೇ ಬಣ್ಣ" ಎಂದರು ಅಪ್ಪಯ್ಯ.

2021ರ ಆರಂಭದಲ್ಲಿ ಅವರ ಕೆಮ್ಮು ತಿರುಗಿ ಬಂತು. ಮಣಿಪಾಲದ ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಹೋಲಿಸಿ ನೋಡಲು ಹಳೆಯದೇನಾದರೂ ಇದೆಯಾ ಎಂದು ಕೇಳಿದರು. ಅಪ್ಪಯ್ಯ ಇದೆ ಎಂದು ಚೀಲದಿಂದ ತೆಗೆದುಕೊಟ್ಟರು. ಅಂಚಿಗೆ ಸೀರೆಯ ಪಟ್ಟಿ, ಅಲ್ಲಲ್ಲಿ ಹಲ್ಲಿನ ಗುರುತು. ಹೃದಯ ಇರಬೇಕಾದಲ್ಲಿ ಒಂದು ನಾಯಿಮರಿಯ ಕುತ್ತಿಗೆ ಹಿಡಿಸುವ ತೂತು. ಡಾಕ್ಟರು ಆ ತೂತಿನ ಮೂಲಕ ನಮ್ಮಿಬ್ಬರನ್ನೂ ನೋಡಿದರು. ಅಪ್ಪಯ್ಯ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಆ ವರ್ಷದ ಮಳೆಗಾಲ ಅವರು ನೋಡಲಿಲ್ಲ.

ಬೇರಿಂಗಿಗೆ ಈಗ 14 ವರ್ಷ. ಕಿವಿ ಅಷ್ಟಕ್ಕಷ್ಟೇ. ಆದರೆ ಫ್ರಿಜ್ಜಿನ ಬಾಗಿಲ ಸದ್ದು ಮಾತ್ರ ಅದು ಹೇಗೋ ಕೇಳಿಸಿಕೊಳ್ಳುತ್ತದೆ. ಮೊಸರಿಗೆಂದು ತೆಗೆದರೂ ಎದ್ದು, ಸೊಂಟ ಎಳೆಯುತ್ತ ಅಪ್ಪಯ್ಯನ ಮಂಚದ ಕೆಳಗೆ ಹೋಗಿ ಮಲಗಿ ಕಾಯುತ್ತದೆ. ನಾನು ಕೆನ್ನೆ ನೆಲಕ್ಕೆ ಹಚ್ಚಿ "ಬಾರಾ" ಎನ್ನುತ್ತೇನೆ. ಅದು ನನ್ನನ್ನು ನೋಡುತ್ತದೆ, ಆಮೇಲೆ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ.

ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನೂ ಇವತ್ತು ಒಮ್ಮೆ ನೋಡಿ. ತೆರೆದು ತಿಂಗಳು ದಾಟಿದ ಕಣ್ಣಿನ ಹನಿ ಇದ್ದರೆ ದಯವಿಟ್ಟು ಎಸೆದುಬಿಡಿ, ನಾಯಿಮರಿಯ ಕಣ್ಣಿಗಂತೂ ಹಾಕಬೇಡಿ. ನಮ್ಮಲ್ಲಿ ಒಂದಿದೆ, "ತೆರೆದದ್ದು 3-2-2021" ಎಂದು ಅಪ್ಪಯ್ಯನ ದುಂಡು ಅಕ್ಷರದಲ್ಲಿ ಬರೆದದ್ದು. ಅದನ್ನು ಇನ್ನೂ ಎಸೆದಿಲ್ಲ.